ಏನೂ ಆಗದ ಆ ಒಂದು ಗಂಟೆ

ಸಿನಿಮಾ ಶುರುವಾಗಿ ಐವತ್ತು ನಿಮಿಷ ಕಳೆದಿತ್ತು. ಪರದೆಯ ತುಂಬ ಮರಳು. ಹೂತುಹೋದ ಒಂದು ಕಾರು, ಅದರ ನೆರಳಲ್ಲಿ ಮೂರು ಜನ. ಅಷ್ಟೇ. ಅತ್ತೆಯ ಮಗ ಹಲಸಿನ ಹಪ್ಪಳದ ತಟ್ಟೆ ಕೆಳಗಿಟ್ಟು ಕೇಳಿದ, "ಇವರು ಕೊನೇತನಕ ಹೀಗೇ ಕೂತಿರ್ತಾರಾ? ಎಂತಾದರೂ ಆಗುತ್ತಾ ಇಲ್ವಾ?"

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎರಡೂವರೆ ಬಾಟಲಿ ಉಳೀತು" ಅಂದಳು.

ನಾನು ಶಿವಮೊಗ್ಗದಿಂದ ಸೋದರತ್ತೆಯ ಊರಿಗೆ ಹೋಗಿದ್ದು ಅಡಿಕೆ ತೋಟಕ್ಕೆ ಔಷಧ ಹೊಡೆಸಲು. ಸಾಗರ ದಾಟಿ, ಶರಾವತಿ ಹಿನ್ನೀರಿನ ಆಚೆ ಅವರ ಮನೆ. ಮಳೆ ಬಿಟ್ಟು ಹೊಳವಾದರೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲದಿದ್ದರೆ ಕಾಯಿಗೆ ಕೊಳೆರೋಗ ಹತ್ತುತ್ತದೆ. ಆದರೆ ಮೂರು ದಿನವಾದರೂ ಹೊಳವಾಗಲಿಲ್ಲ. ಕರೆಂಟೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ಇತ್ತು. ಜಗಲಿಯಲ್ಲಿ ಸ್ಟೂಲಿನ ಮೇಲೆ ಅದನ್ನಿಟ್ಟು ಐದು ಜನ ಕಂಬಳಿ ಹೊದ್ದು ಕೂತೆವು. ಅತ್ತೆ, ಅವಳ ಮಗ, ಕಾಲೇಜಿಗೆ ಹೋಗುವ ಮೊಮ್ಮಗಳು, ಪಕ್ಕದ ಮನೆಯ ಡ್ರೈವರಣ್ಣ ಮತ್ತು ನಾನು.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊದಲು ಅದಕ್ಕೆ ಯಾರು ಎಷ್ಟು ಅಂಕ ಕೊಟ್ಟಿದ್ದಾರೆ ಅಂತ ನೋಡುತ್ತೀರಿ. ನನಗೆ ಹೇಳಬೇಕಾಗಿರುವುದು ಆ ಐದು ಜನ ಅದನ್ನು ಹೇಗೆ ನೋಡಿದರು ಅನ್ನುವುದು.

ಕತೆ ಚಿಕ್ಕದು. ಗಂಡ, ಹೆಂಡತಿ, ಗಂಡನ ತಮ್ಮ. ಅಡ್ಡದಾರಿ ಹಿಡಿದ ಕಾರು ಮರಳಲ್ಲಿ ಹೂತುಹೋಗುತ್ತದೆ. ಇರುವುದು ಆರು ಬಾಟಲಿ ನೀರು. ಎರಡನೇ ದಿನ ತಮ್ಮ ಸಹಾಯ ತರುತ್ತೇನೆ ಅಂತ ಹೋಗುತ್ತಾನೆ, ಬರುವುದಿಲ್ಲ. ಮೂರನೇ ರಾತ್ರಿ ಕತ್ತಲಲ್ಲಿ ಯಾರೋ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ದನಿ ಮೈದುನನದೇ. ಆಮೇಲಿನದೆಲ್ಲ ಆ ದನಿಯ ಹಿಂದೆ ಹೋಗುವುದೋ ಬೇಡವೋ ಅನ್ನುವುದರ ಸುತ್ತ. ದೆವ್ವ ಇತ್ತೋ, ಬಾಯಾರಿದ ತಲೆಯ ಭ್ರಮೆಯೋ, ಸಿನಿಮಾ ಹೇಳುವುದೇ ಇಲ್ಲ. ಆ ದನಿ ಬರುವ ತನಕದ ಒಂದು ಗಂಟೆಯಲ್ಲಿ ಹೆದರಿಸುವಂಥದ್ದು ಒಂದೂ ಇಲ್ಲ. ಬಾಗಿಲು ಕಿರುಗುಟ್ಟುವುದಿಲ್ಲ, ಬೆನ್ನ ಹಿಂದೆ ಯಾರೂ ನಿಂತಿರುವುದಿಲ್ಲ. ಬಿಸಿಲು, ಕಾರು, ಬಾಟಲಿ.

ನನ್ನ ಮಟ್ಟಿಗೆ ಸಿನಿಮಾ ಇರುವುದೇ ಆ ಒಂದು ಗಂಟೆಯಲ್ಲಿ.

ಒಂದು ಕಡೆ ಅವಳು ಬಾಟಲಿಯ ಮುಚ್ಚಳ ತೆಗೆದು ಆ ಮುಚ್ಚಳಕ್ಕೇ ನೀರು ಬಗ್ಗಿಸುತ್ತಾಳೆ. ಕೈ ಸಣ್ಣಗೆ ನಡುಗುತ್ತದೆ. ಒಂದು ಹನಿ ಅಂಚಿನಿಂದ ಇಳಿದು ಹೆಬ್ಬೆರಳಿಗೆ ಬರುತ್ತದೆ. ಮೊದಲು ಆ ಹೆಬ್ಬೆರಳನ್ನು ನೆಕ್ಕುತ್ತಾಳೆ, ಆಮೇಲೆ ಮುಚ್ಚಳದ ನೀರು ಕುಡಿಯುತ್ತಾಳೆ. ಕುಡಿದ ಮೇಲೆ ಮುಚ್ಚಳದ ಒಳಗಿನ ಸುತ್ತುಗೆರೆಗಳಲ್ಲಿ ನಾಲಿಗೆ ಆಡಿಸುತ್ತಾಳೆ. ಗಂಡ ನೋಡುತ್ತಿರುತ್ತಾನೆ, ಅವಳ ಮುಖವನ್ನಲ್ಲ, ಮುಚ್ಚಳವನ್ನು. ಮಾತಿಲ್ಲ. ಮೂರು ನಾಲ್ಕು ನಿಮಿಷ ಇಷ್ಟೇ. ಆ ಗಂಡ ಹೆಂಡತಿಯ ನಡುವೆ ಏನೋ ಕೆಟ್ಟಿತು ಅಂತ ನನಗೆ ಗೊತ್ತಾಗಿದ್ದು ಅಲ್ಲಿ.

ನಿಧಾನವಾದ ಸಿನಿಮಾ ಎಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹೇಳುವುದಕ್ಕೆ ಏನೂ ಇಲ್ಲದೆ ಎಳೆಯುವ ಸಿನಿಮಾಗಳು ಬೇಕಾದಷ್ಟಿವೆ. ಇಲ್ಲಿ ಪ್ರತಿ ನಿಮಿಷಕ್ಕೂ ಒಂದೊಂದು ಕಡಿಮೆಯಾಗುತ್ತಾ ಹೋಗುತ್ತದೆ. ಕಾರಿನ ನೆರಳು ಗೇಣು ಗೇಣಾಗಿ ಸರಿಯುತ್ತದೆ, ಮೂವರೂ ಅದರ ಜೊತೆ ಸರಿಯುತ್ತಾರೆ. ಮಧ್ಯಾಹ್ನ ನೆರಳೇ ಇಲ್ಲ. ಆಗ ಅವರು ಒಬ್ಬರ ಮುಖ ಒಬ್ಬರು ನೋಡುವುದನ್ನೂ ಬಿಡುತ್ತಾರೆ. ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ದರೆ ನಮಗೆ ಸುದ್ದಿ ಸಿಗುತ್ತಿತ್ತು, ಹೆದರಿಕೆ ಸಿಗುತ್ತಿರಲಿಲ್ಲ.

ಅತ್ತೆಯ ಮಗ ಇದನ್ನು ಒಪ್ಪಲಿಲ್ಲ. ಅವನ ಸಿಟ್ಟು ತಮ್ಮನ ಮೇಲೆ. "ಕಾರು ಬಿಟ್ಟು ಎಂತಕ್ಕೆ ಹೋದ? ಬುದ್ಧಿ ಇಲ್ದೋರ ಕತೆ ನೋಡಿ ನಾವು ಎಂತಕ್ಕೆ ಹೆದರಬೇಕು?" ಅವನ ಮಾತಲ್ಲಿ ಅರ್ಧ ಸತ್ಯವಿದೆ. ಆಸ್ಟ್ರೇಲಿಯಾದ ಒಣ ಒಳನಾಡಿಗೆ ಹೋಗುವವರಿಗೆ ಮೊದಲು ಹೇಳುವುದೇ ಇದು: ಗಾಡಿ ಕೆಟ್ಟರೆ ಗಾಡಿ ಬಿಟ್ಟು ಹೋಗಬೇಡಿ. ಹುಡುಕಿ ಬರುವವರ ಕಣ್ಣಿಗೆ ಮನುಷ್ಯನಿಗಿಂತ ಗಾಡಿ ಬೇಗ ಬೀಳುತ್ತದೆ. ನೀರಿನ ವಿಷಯದಲ್ಲೂ ಆ ಮೂವರು ಮಾಡಿದ್ದು ತಪ್ಪು. ಮರುಭೂಮಿ ಬಲ್ಲವರು ಹೇಳುವುದು ನೀರು ಉಳಿಸು ಅಂತಲ್ಲ, ಬೆವರು ಉಳಿಸು ಅಂತ. ಬಾಯಾರಿದಾಗ ಕುಡಿ, ಹಗಲು ಅಲ್ಲಾಡಬೇಡ, ನಡೆಯಲೇಬೇಕಾದರೆ ರಾತ್ರಿ ನಡೆ. ಮುಚ್ಚಳದಲ್ಲಿ ಅಳೆದು ಕುಡಿದರೆ ಬಾಟಲಿಯಲ್ಲಿ ನೀರಿರುತ್ತದೆ, ಮೈಯಲ್ಲಿ ಇರುವುದಿಲ್ಲ.

ಆದರೆ ಗೊತ್ತಿರುವುದೆಲ್ಲ ಆ ಹೊತ್ತಿಗೆ ನೆನಪಾಗುತ್ತದೆಯೇ? ಸುಮ್ನೆ ಕೂತಿರುವುದು ನಡೆಯುವುದಕ್ಕಿಂತ ಕಷ್ಟ. ಕಾಲಿಗೆ ಕೆಲಸ ಕೊಟ್ಟರೆ ಮನಸ್ಸಿಗೆ ಏನೋ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಹೀಗೆ ಆಗುವುದುಂಟಾ ಅಂತ ಮೊಮ್ಮಗಳು ಕೇಳಿದಾಗ ಅವಳಿಗೆ ಇಟಲಿಯ ಮೌರೊ ಪ್ರೊಸ್ಪೆರಿಯ ಕತೆ ಹೇಳಿದೆ. 1994ರಲ್ಲಿ ಮೊರಾಕ್ಕೋದ ಸಹಾರಾದಲ್ಲಿ ನಡೆದ ಓಟದ ಸ್ಪರ್ಧೆಯಲ್ಲಿ ಮರಳುಗಾಳಿಗೆ ಸಿಕ್ಕಿ ದಾರಿ ತಪ್ಪಿದವನು. ವಾರ ಕಳೆದ ಮೇಲೆ ಅವನು ಸಿಕ್ಕಿದ್ದು ಪಕ್ಕದ ಅಲ್ಜೀರಿಯಾ ದೇಶದಲ್ಲಿ. ದಾರಿ ತಪ್ಪಿದರೆ ಬೆಳಗಿನ ಜಾವ ದೂರದಲ್ಲಿ ಕಾಣುವ ಮೋಡದ ಕಡೆ ನಡೆ ಅಂತ ಅಲ್ಲಿನ ತುವಾರೆಗ್ ಜನ ಹೇಳಿದ್ದು ಅವನ ನೆನಪಿನಲ್ಲಿತ್ತಂತೆ. ಮೋಡ ನೋಡಿ ನಡೆದ. ನಮ್ಮ ಮನೆಯ ಮೇಲೆ ಆಗ ಮೂರು ದಿನದಿಂದ ಕದಲದೆ ಕೂತಿದ್ದೂ ಮೋಡವೇ.

ಡ್ರೈವರಣ್ಣನ ವಿಷಯ ಬೇರೆ. ಅವರು ಹನ್ನೊಂದು ವರ್ಷ ಸೌದಿಯಲ್ಲಿ ಟ್ರಕ್ ಓಡಿಸಿ ಬಂದವರು. ಮೊದಲಿಗೆ ಅವರೇ ಉತ್ಸಾಹದಿಂದ ತಪ್ಪು ಹುಡುಕುತ್ತಿದ್ದರು. "ನೋಡಿ, ಆ ಹುಡುಗಿ ಮುಖದಲ್ಲಿ ಬೆವರು ಸುರೀತಿದೆ. ಸುಳ್ಳು. ಅಲ್ಲಿ ಬೆವರು ಕಾಣೋದೇ ಇಲ್ಲ. ಹುಟ್ಟಿದ ಕೂಡಲೇ ಒಣಗುತ್ತೆ. ಅಂಗಿ ಮೇಲೆ ಉಪ್ಪು ಬೆಳ್ಳಗೆ ಗೆರೆ ಎಳೆದಿರುತ್ತೆ, ಅಷ್ಟೇ." ಅದು ನಿಜ. ಒಣಗಾಳಿ ಬೆವರನ್ನು ಕುಡಿದುಬಿಡುತ್ತದೆ, ಮೈಯಿಂದ ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ರಾತ್ರಿ ಸಿನಿಮಾದ ಮಂದಿ ಚಳಿಗೆ ನಡುಗುವುದನ್ನು ಕಂಡು "ಇದು ಸರಿ" ಅಂದರು. ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ, ಹಗಲಿನ ಕಾವನ್ನು ಹಿಡಿದಿಡುವುದು ಯಾವುದೂ ಇಲ್ಲ. ಇಲ್ಲಿ ನಮಗೆ ಮೋಡವೇ ಕಂಬಳಿ.

ಮೂರನೇ ದಿನ ಮರಳುಗಾಳಿ ಏಳುತ್ತದಲ್ಲ, ಆಗ ಡ್ರೈವರಣ್ಣನ ಮಾತು ನಿಂತಿತು. ಸ್ವಲ್ಪ ಹೊತ್ತು ನೋಡಿ ಎದ್ದು ಹೊರಗೆ ಹೋದರು. ಬೀಡಿ ಸೇದಲು ಹೋದರು ಅಂದುಕೊಂಡೆ. ಆಮೇಲೆ ನೋಡಿದರೆ ಅಂಗಳದಲ್ಲಿ ಕೊಡೆ ಇಲ್ಲದೆ ಮಳೆಯಲ್ಲಿ ನಿಂತಿದ್ದರು. ಹತ್ತು ನಿಮಿಷವಾದರೂ ಇರಬೇಕು. ಒಳಗೆ ಬಂದು ತಲೆ ಒರೆಸಿಕೊಂಡು, "ನನಗೆ ಸಾಕು, ನೀವು ನೋಡಿ" ಅಂತ ಮನೆಗೆ ಹೋದರು. ಅವರ ಅಭಿಪ್ರಾಯ ಏನು ಅಂತ ನಾನು ಕೇಳಲಿಲ್ಲ.

ಇನ್ನು ಮಳೆಯ ಮಾತು. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಜಾಗವನ್ನು ಸಾಮಾನ್ಯವಾಗಿ ಮರುಭೂಮಿ ಅನ್ನುತ್ತಾರೆ. ಆಗುಂಬೆಯಲ್ಲಿ ಅಷ್ಟು ಮಳೆಗೆ ಜುಲೈಯ ಮೂರು ದಿನ ಸಾಕು. ಹೆಂಚಿನ ಮೇಲೆ ಹೊಡೆಯುವ ಮಳೆ, ಸೂರಿನ ನೀರು ಹರಿಸುವ ದಂಬೆಯಿಂದ ಧುಮುಕುವ ನೀರು, ತೋಟದ ಕಡೆಯಿಂದ ಕಪ್ಪೆ. ಈ ಗದ್ದಲದಲ್ಲಿ ನಾವು ನೋಡುತ್ತಿದ್ದುದು ಮೌನದ ಸಿನಿಮಾ. ಪಾತ್ರಗಳು ಉಸಿರು ಬಿಗಿಹಿಡಿದು ಏನನ್ನೋ ಆಲಿಸುತ್ತಾರೆ, ನಮಗೆ ಕೇಳುವುದು ದಂಬೆಯ ನೀರು. "ನಾವು ಅರ್ಧ ಸಿನಿಮಾ ನೋಡಿದ್ವಿ ಅಷ್ಟೇ" ಅಂತ ಮೊಮ್ಮಗಳು ಆಮೇಲೆ ಹೇಳಿದಳು. ಅವಳು ಮರುದಿನ ಇಯರ್‌ಫೋನ್ ಹಾಕಿಕೊಂಡು ಮೊದಲಿಂದ ನೋಡಿದಳು. ಮಧ್ಯಾಹ್ನ ಬಂದು ನನ್ನ ಕಿವಿಗೂ ಒಂದು ತುದಿ ಸಿಕ್ಕಿಸಿದಳು. "ಕೇಳು ಮಾವ. ಏನೂ ಇಲ್ಲ ಅಲ್ವಾ? ಚೆನ್ನಾಗಿ ಕೇಳು."

ಕೇಳಿದೆ. ಏನೂ ಇಲ್ಲದ ಆ ಜಾಗದಲ್ಲಿ ತಗ್ಗಿನ ಒಂದು ಗುಂಯ್ ಇತ್ತು, ದೂರದ ವಿಮಾನದ ಹಾಗೆ. ಅದು ಕಟ್ಟಿದ ಸದ್ದಲ್ಲ. ದೊಡ್ಡ ಮರಳುದಿಬ್ಬದ ಓರೆಯಲ್ಲಿ ಒಣಮರಳು ಜಾರಿದಾಗ ಕೆಲವು ಮರುಭೂಮಿಗಳಲ್ಲಿ ನಿಜವಾಗಿ ಅಂಥ ಸದ್ದು ಏಳುತ್ತದೆ. ಏಳು ನೂರು ವರ್ಷದ ಹಿಂದೆ ಮಾರ್ಕೊ ಪೋಲೊ ಚೀನಾದ ಕಡೆಯ ಲೋಪ್ ಮರುಭೂಮಿಯ ಬಗ್ಗೆ ಹೇಳುವಾಗ, ಗುಂಪಿನಿಂದ ಹಿಂದೆ ಬಿದ್ದವರನ್ನು ಪಿಶಾಚಿಗಳು ಜೊತೆಯವರ ದನಿಯಲ್ಲಿ ಹೆಸರು ಹಿಡಿದು ಕರೆದು ದಾರಿ ತಪ್ಪಿಸುತ್ತವೆ ಅಂದಿದ್ದಾನೆ. ಮರಳಿನ ಸದ್ದನ್ನೂ ಬಾಯಾರಿಕೆಯನ್ನೂ ಸೇರಿಸಿ ಕಿವಿ ಹೆಸರು ಕಟ್ಟಿಕೊಂಡಿತೋ ಏನೋ. ನಮ್ಮ ಕಡೆಯೂ ಈ ಮಾತಿದೆಯಲ್ಲ. ರಾತ್ರಿ ಹೊರಗಿನಿಂದ ಒಂದೇ ಸಲ ಹೆಸರು ಕರೆದರೆ ಓಗೊಡಬಾರದು, ಮೂರು ಸಲ ಕರೆದರೆ ಮಾತ್ರ ಮನುಷ್ಯರು. ಸಿನಿಮಾದಲ್ಲಿ ಆ ದನಿ ಮೊದಲ ಸಲ ಕರೆದಾಗ ಮಳೆಯ ಗದ್ದಲದ ಮಧ್ಯೆಯೂ ಅತ್ತೆಗೆ ಅದು ಕೇಳಿಸಿತ್ತು. "ಓಗೊಡಬೇಡ ಮಾರಾಯ್ತಿ" ಅಂತ ಗಟ್ಟಿಯಾಗೇ ಹೇಳಿದಳು.

ಅವಳು ಓಗೊಟ್ಟಳು. ಗಂಡನನ್ನು ಬಿಟ್ಟು ದನಿಯ ಹಿಂದೆ ಹೋದಳು. ಬೆಳಗ್ಗೆ ಮೇಲಿಂದ ತೋರಿಸುತ್ತಾರೆ: ಅವಳ ಹೆಜ್ಜೆ ಬಾಗುತ್ತಾ ಬಾಗುತ್ತಾ ಹೋಗಿ ತನ್ನದೇ ಹಳೆಯ ಹೆಜ್ಜೆಯನ್ನು ಕೂಡಿದೆ. ಅಲ್ಲಿಗೆ ಮುಗಿಯಿತು.

"ಇದು ಮೋಸ" ಅಂದ ಅತ್ತೆಯ ಮಗ. "ನೇರ ನಡೆದರೆ ಎಲ್ಲಾದರೂ ಮುಟ್ಟುತ್ತಿದ್ದಳು."

ನೇರ ನಡೆಯಲು ಆಗುವುದಿಲ್ಲ. ಜರ್ಮನಿಯ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಜನರನ್ನು ಒಂದು ದಟ್ಟ ಕಾಡಿನಲ್ಲೂ ಟ್ಯುನೀಶಿಯಾದ ಸಹಾರಾದಲ್ಲೂ ಬಿಟ್ಟು, ನೇರ ನಡೆಯಿರಿ ಅಂದರು. ಕಾಡಿನಲ್ಲಿ ಸೂರ್ಯ ಕಾಣುತ್ತಿದ್ದಾಗ ನಡೆದವರು ಹೆಚ್ಚುಕಡಿಮೆ ನೇರ ಹೋದರು. ಮೋಡದ ದಿನ ನಡೆದ ನಾಲ್ವರೂ ಸುತ್ತು ಹೊಡೆದರು, ಅವರಲ್ಲಿ ಮೂವರಿಗೆ ತಾವೇ ನಡೆದ ಜಾಗವನ್ನು ದಾಟಿದ್ದೂ ತಿಳಿಯಲಿಲ್ಲ. ಮರುಭೂಮಿಯಲ್ಲಿ ರಾತ್ರಿ ನಡೆದವನು ಚಂದ್ರ ಕಾಣುವ ತನಕ ಸರಿಯಾಗಿ ನಡೆದ. ಚಂದ್ರ ಮೋಡಕ್ಕೆ ಮರೆಯಾದ ಮೇಲೆ ತಿರುತಿರುಗಿ ಬಂದ ದಿಕ್ಕಿಗೇ ಹೊರಟ. ನಮ್ಮ ಹಿರಿಯರು ಇದಕ್ಕೆ ಬಳ್ಳಿ ದಾಟಿದೆ ಅನ್ನುತ್ತಿದ್ದರು. ಕಾಡಿನಲ್ಲಿ ದಾರಿ ತಪ್ಪಿಸುವ ಒಂದು ಬಳ್ಳಿ ಇದೆ, ಅದನ್ನು ದಾಟಿದರೆ ಎಷ್ಟು ನಡೆದರೂ ಅಲ್ಲಲ್ಲೇ ತಿರುಗುತ್ತೀಯ ಅಂತ.

ನನಗೆ ಇದು ಓದಿ ಗೊತ್ತಾಗಿದ್ದಲ್ಲ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಈ ಕಡೆಯ ಊರುಗಳಿಗೆ ಮೂರು ಕಡೆಯೂ ನೀರಾಯಿತು. 2025ರ ಜುಲೈಯಲ್ಲಿ ಸೇತುವೆ ತೆರೆಯುವ ತನಕ ಹೊಳೆಬಾಗಿಲಿನ ಲಾಂಚೇ ಗತಿ. ಹೊರಗಿನವರಿಗೆ ತುಂಬಿದ ಹಿನ್ನೀರಿನ ಫೋಟೋ ಗೊತ್ತು. ಮೇ ತಿಂಗಳಲ್ಲಿ ನೀರು ಇಳಿದಾಗ ಅಲ್ಲಿ ಏನಿರುತ್ತದೆ ಅಂತ ಗೊತ್ತಿಲ್ಲ. ಮೈಲುಗಟ್ಟಲೆ ಬೋಳು ನೆಲ. ಬಿರಿದ ಕೆಸರು. ಮುಳುಗಿದ ಕಾಡಿನ ಬೊಡ್ಡೆಗಳು ಕರ್ರಗೆ ನಿಂತಿರುತ್ತವೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೇ ಎದ್ದು ಬರುತ್ತದೆ. ಒಂದು ಹುಲ್ಲು ಇಲ್ಲ, ಒಂದು ಹಕ್ಕಿ ಕೂರುವುದಿಲ್ಲ.

ನನಗೆ ಆಗ ಹತ್ತು ವರ್ಷ. ದೊಡ್ಡಪ್ಪನ ಮಗ ಅಣ್ಣನಿಗೆ ಹದಿನೈದು. ರಜೆಗೆ ಅತ್ತೆಯ ಮನೆಗೆ ಹೊರಟಿದ್ದೆವು. ಲಾಂಚ್ ಇಳಿದು ರಸ್ತೆ ಹಿಡಿದು ಸುತ್ತಿ ಹೋಗುವ ಬದಲು, ಒಣಗಿದ ಕವಲನ್ನು ಅಡ್ಡ ದಾಟಿದರೆ ಅರ್ಧ ದಾರಿ ಉಳಿಯುತ್ತದೆ ಅಂದ ಅಣ್ಣ. ಎದುರು ದಡ ಕಾಣುತ್ತಿತ್ತು. ಹೊರಟಾಗ ಹನ್ನೊಂದು ಗಂಟೆ.

ಮೇ ಮೊದಲ ವಾರ ನಮ್ಮಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ನಡುಮಧ್ಯಾಹ್ನ ನೆರಳು ಕಾಲಡಿಗೇ ಬಿದ್ದಿರುತ್ತದೆ, ಅದು ಯಾವ ದಿಕ್ಕನ್ನೂ ಹೇಳುವುದಿಲ್ಲ. ಎದುರು ನೀರು ಹೊಳೆಯಿತು. ಹತ್ತಿರ ಹೋದರೆ ಬಿರುಕುಬಿಟ್ಟ ಮಣ್ಣು, ನೀರು ಇನ್ನೂ ಆಚೆ. ಬಿಸಿಲ್ಗುದುರೆ ಅನ್ನುವ ಮಾತು ಶಾಲೆಯಲ್ಲಿ ಓದಿದ್ದೆ. ಕಾದ ನೆಲದ ಮೇಲಿನ ಗಾಳಿ ತೆಳುವಾಗಿ, ಬೆಳಕು ಬಾಗಿ, ಆಕಾಶವೇ ನೆಲದ ಮೇಲೆ ನೀರಾಗಿ ಕಾಣುತ್ತದೆ. ಆದರೆ ಅಲ್ಲಿ ನಿಜವಾದ ನೀರೂ ಇತ್ತು, ಅದರ ಅಂಚಿನಲ್ಲಿ ಸೊಂಟದ ತನಕ ಹೂಳುವ ಕೆಸರೂ ಇತ್ತು. ಯಾವುದು ಯಾವುದು ಅಂತ ಹೇಗೆ ತಿಳಿಯಬೇಕು? ಕೆಸರು ತಪ್ಪಿಸಲು ಬಳಸಿದೆವು, ಮತ್ತೆ ಬಳಸಿದೆವು. ಒಂದು ಬೊಡ್ಡೆಗೆ ದೋಣಿಯ ನೀಲಿ ಪ್ಲಾಸ್ಟಿಕ್ ಹಗ್ಗದ ತುಂಡು ಸುತ್ತಿತ್ತು. ಅದನ್ನು ದಾಟಿ ತುಂಬ ಹೊತ್ತು ನಡೆದ ಮೇಲೆ ಇನ್ನೊಂದು ಬೊಡ್ಡೆ ಸಿಕ್ಕಿತು. ಅದಕ್ಕೂ ನೀಲಿ ಹಗ್ಗ. ನಾನು ಏನೂ ಹೇಳಲಿಲ್ಲ. ಅಣ್ಣನೂ ಹೇಳಲಿಲ್ಲ. ಅವನು ಹಗ್ಗ ನೋಡಿದ್ದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವನು ನೋಡಿದ. ಸಿನಿಮಾದಲ್ಲಿ ಗಂಡ ಆ ಮುಚ್ಚಳ ನೋಡಿದಾಗ ನನಗೆ ನೆನಪಾಗಿದ್ದು ಅಣ್ಣನ ಆ ಕಣ್ಣು.

ಆಗ ಅತ್ತೆ ಕೂ ಹಾಕಿದ್ದು ಕೇಳಿಸಿತು. ಮಲೆನಾಡಿನ ಒಂಟಿಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಅದಕ್ಕೆ ಹೆಸರು ಬೇಡ, ಬರೀ "ಕೂ...". ಯಾರ ಕೂ ಅಂತ ದನಿಯಲ್ಲೇ ತಿಳಿಯುತ್ತದೆ. ನಾವೂ ಕೂ ಹಾಕಿ ಆ ಕಡೆ ಓಡಿದೆವು. ಮತ್ತೆ ಕೇಳಿಸಿತು, ಈ ಸಲ ಬೆನ್ನ ಹಿಂದಿನಿಂದ. ತಿರುಗಿದೆವು. ಮತ್ತೆ ಮೊದಲಿನ ಕಡೆಯಿಂದ. ಹೀಗೆ ಎಷ್ಟು ಸಲವೋ. ಆಮೇಲೆ ಕೂ ನಿಂತುಹೋಯಿತು.

ಆ ದಿನದ ಬಾಯಾರಿಕೆ ನನಗೆ ಅಷ್ಟಾಗಿ ನೆನಪಿಲ್ಲ. ಕೂ ನಿಂತದ್ದು ನೆನಪಿದೆ. ಹುಡುಕಿ ಸಾಕಾಗಿ ಅತ್ತೆ ಮನೆಗೆ ಹೋದಳು ಅಂದುಕೊಂಡೆ. ಬಿಸಿಲು, ಬೊಡ್ಡೆ, ಏನೂ ಇಲ್ಲದ ಸದ್ದು. ಎಷ್ಟೋ ಹೊತ್ತಿನ ಮೇಲೆ ದಡದಲ್ಲಿ ಬಿಳಿ ಹೊಗೆ ಕಂಡಿತು. ಅದನ್ನು ಹಿಡಿದು ನಡೆದೆವು. ಅತ್ತೆ ತಂಬಿಗೆ ನೀರು, ಬೆಲ್ಲ ಇಟ್ಟುಕೊಂಡು ನಿಂತಿದ್ದಳು. ಬೈಯಲಿಲ್ಲ. "ಒಂದೇ ಸಲ ಕುಡೀಬೇಡಿ" ಅಂದಳು. ಮೂವತ್ತು ವರ್ಷದಲ್ಲಿ ಈ ವಿಷಯ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಸಿನಿಮಾ ಮುಗಿದ ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತೆ ಒಲೆಯ ಮುಂದೆ ಕೂತಿದ್ದಳು. ಹೇಗನ್ನಿಸಿತು ಅಂತ ಕೇಳಿದೆ.

"ಚೆನ್ನಾಗಿತ್ತು. ಆದರೆ ಅವರ ಮನೆಯವರನ್ನು ತೋರಿಸಲೇ ಇಲ್ಲ" ಅಂದಳು. "ಕಾಯ್ತಾ ಇರೋರು ಯಾರಾದರೂ ಇರ್ತಾರಲ್ಲ?"

ನನಗೆ ಇದು ಹೊಳೆದೇ ಇರಲಿಲ್ಲ. ಎರಡು ಗಂಟೆಯ ಸಿನಿಮಾದಲ್ಲಿ ಒಂದು ಸಲವೂ ಆ ಮೂವರ ಊರು ಇಲ್ಲ, ಮನೆ ಇಲ್ಲ, ಬಾಗಿಲಲ್ಲಿ ನಿಂತು ದಾರಿ ನೋಡುವವರಿಲ್ಲ. ಆ ದೊಡ್ಡ ಮರಳಲ್ಲಿ ಅದೊಂದು ನಿಜವಾದ ಕೊರತೆ ಅಂತ ಈಗ ನನಗೂ ಅನ್ನಿಸುತ್ತದೆ. ಸಿನಿಮಾ ಮಾಡಿದವರಿಗೆ ಅವರು ಒಂಟಿಯಾಗಬೇಕಿತ್ತು. ಅತ್ತೆಗೆ ಯಾರೂ ಅಷ್ಟು ಒಂಟಿ ಅಲ್ಲ.

ಆಗ ಕೇಳಿಬಿಟ್ಟೆ. "ಅತ್ತೆ, ಆ ದಿನ ಎಂತಕ್ಕೆ ಕೂ ನಿಲ್ಲಿಸಿದೆ?"

ಅವಳು ಕೊಳ್ಳಿ ಮುಂದಕ್ಕೆ ತಳ್ಳಿದಳು. "ಗುಡ್ಡ ನನ್ನ ಕೂ ವಾಪಸು ಕೊಡ್ತಿತ್ತು ಅಪ್ಪೀ. ನಾನು ಇಲ್ಲಿಂದ ಕರೆದರೆ ನಿಮಗೆ ಅಲ್ಲಿಂದ ಕೇಳ್ತಿತ್ತು. ನಾನು ಕರೆದಷ್ಟೂ ನಿಮ್ಮ ದನಿ ಕೆಸರಿನ ಕಡೆ ಹೋಗ್ತಿತ್ತು. ಆಮೇಲೆ ತಿಳೀತು. ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ನೀವು ಕರೀತಿದ್ರಿ, ನಾನು ಓಗೊಡಲಿಲ್ಲ. ಹಸಿ ಸೊಪ್ಪು ಮುರಿದು ತಂದು ಬೆಂಕಿ ಹಾಕಿದೆ. ಹೊಗೆ ಎಲ್ಲಿದೆಯೋ ಅಲ್ಲೇ ಕಾಣುತ್ತಲ್ಲ."

ನಾನು ಏನೂ ಹೇಳಲಾಗದೆ ಕೂತೆ. ಹೊರಗೆ ಮಳೆ ಸ್ವಲ್ಪ ಕಡಿಮೆಯಾಗಿತ್ತು. ಅವಳು ಇನ್ನೂ ಸಿನಿಮಾದಲ್ಲೇ ಇದ್ದಳು.

"ಅವರ ಹತ್ತಿರ ಟೈರು ಇತ್ತಲ್ಲ" ಅಂದಳು. "ನಾಲ್ಕು ಟೈರು. ಹಿಂದೆ ಒಂದು ಜಾಸ್ತಿ ಬೇರೆ. ಒಂದನ್ನು ಸುಟ್ಟಿದ್ದರೂ ಸಾಕಿತ್ತು. ಕಪ್ಪು ಹೊಗೆ, ಎಷ್ಟು ದೂರಕ್ಕೆ ಕಾಣ್ತಿತ್ತು."